ಹಿತ್ತಲ ಮನೆಯ ಲೋಡು

ಜುಲೈ ೬

ಅಪ್ಪಾ,

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಅಮ್ಮನ ಕೈಲಿ ಹೇಳಿಸಿದರೆ ಎರಡೂವರೆ ಇದ್ದದ್ದು ನಿನ್ನ ಹತ್ತಿರ ಬರುವ ಹೊತ್ತಿಗೆ ಇಪ್ಪತ್ತೈದಾಗಿರುತ್ತದೆ. ಅದಕ್ಕೇ ಕಾಗದ.

ಹಿತ್ತಲಲ್ಲಿ ಒಂದು ಪುಟ್ಟ ಮನೆ ಎಬ್ಬಿಸುತ್ತಿದ್ದೇವೆ. ಒಂದು ಕೋಣೆ, ಒಂದು ಬಚ್ಚಲು, ಮೂಲೆಯಲ್ಲಿ ಅಡುಗೆ ಕಟ್ಟೆ, ಅಷ್ಟೇ. ಗೋಡೆ ಎದ್ದಿದೆ, ಮೇಲೆ ಶೀಟು ಕೂತಿದೆ. ಅಂಗಳಕ್ಕೆ ಕಲ್ಲು ಹಾಸುವ ಮೊದಲು ಕರೆಂಟಿನ ಪೈಪು ಹೂಳಬೇಕು ಅಂತ ಮೇಸ್ತ್ರಿ ದಿನಾ ಪ್ರಾಣ ತಿನ್ನುತ್ತಿದ್ದಾನೆ. ಇಲ್ಲಿನ ವೈರ್‌ಮನ್ ಹುಡುಗ, "ಕೇಬಲ್ ಎಷ್ಟು ದಪ್ಪ ಅಂತ ನೀವು ಹೇಳಿಬಿಡಿ ಅಕ್ಕಾ, ಎಳೆದು ಕೊಡ್ತೀನಿ" ಅಂದು ಕೈ ತೊಳೆದುಕೊಂಡ. ಎರಡು ಲೈಟು, ಒಂದು ಫ್ಯಾನು, ಒಂದು ಪ್ಲಗ್ಗು ಅಂದುಕೋ. ದೂರ ಐವತ್ತು ಹೆಜ್ಜೆ ಇರಬಹುದು. ಯಾರಾದರೂ ಬಂದು ಹೋಗುವವರಿಗೆ ಇರಲಿ ಅಂತ ಕಟ್ಟಿಸುತ್ತಿರುವುದು.

ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಮಾತ್ರ ಈಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರಲ್ಲಿ ಮೂರು ಸಲ ಎದ್ದು ಹಿತ್ತಲಿಗೆ ಹೋಗಿ ಗೋಡೆ ಮುಟ್ಟಿ ನೋಡಿ ಬಂದೆ.

ನಿನ್ನ ಟೆಸ್ಟರ್


ಜುಲೈ ೧೪

ಟೆಸ್ಟರಮ್ಮಾ,

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿನ್ನ ಹಿತ್ತಲಿಗೆ ಈ ಹಳೇ ಗಿಡ ನೆನಪಾಯಿತಲ್ಲ, ಸಂತೋಷ. ಆದರೆ ಕಾಗದ ಓದಿ ಮೈ ಉರಿದುಹೋಯಿತು. ಐವತ್ತು ಹೆಜ್ಜೆ ಅಂದರೆ ಏನೇ? ನಿನ್ನ ಹೆಜ್ಜೆಯೋ, ಮೊಮ್ಮಗಳ ಹೆಜ್ಜೆಯೋ, ಆ ಮೇಸ್ತ್ರಿಯದೋ? ಎಂಟನೇ ವಯಸ್ಸಿನಿಂದ ನನ್ನ ಟೇಪಿನ ತುದಿ ಹಿಡಿದವಳು, ಕಂಪಾಸ್ ಪೆಟ್ಟಿಗೆಯಲ್ಲಿ ಟೆಸ್ಟರ್ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದವಳು ಬರೆಯುವ ಮಾತಾ ಇದು?

ಮರೆತಿದ್ದರೆ ಮತ್ತೆ ಕೇಳು. ಕೋಣೆ ಕರೆಂಟು ತಿನ್ನುವುದಿಲ್ಲ, ಕೋಣೆಯಲ್ಲಿರುವ ಮನುಷ್ಯ ತಿನ್ನುತ್ತಾನೆ. ಅಲ್ಲಿ ಏನೇನು ಇರುತ್ತದೋ ಅದನ್ನೆಲ್ಲ ಮೊದಲು ಕೂಡಿಸು. ಒಂದೊಂದರ ಬೆನ್ನ ಮೇಲೂ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಆಮೇಲೆ ಯಾವ್ಯಾವುದು ಒಂದೇ ಹೊತ್ತಿಗೆ ನಡೆಯುತ್ತದೆ ಅಂತ ಯೋಚಿಸು. ಒಬ್ಬರೇ ಇದ್ದರೆ ಇಸ್ತ್ರಿ ತಿಕ್ಕುತ್ತಾ ಸ್ನಾನ ಮಾಡುವುದಿಲ್ಲವಲ್ಲ, ಅಷ್ಟನ್ನು ಬಿಡಬಹುದು. ಹೀಗೆ ಬಿಟ್ಟು ಉಳಿದದ್ದೇ ಲೋಡು, ಅದಕ್ಕೆ ತಕ್ಕ ಕೇಬಲ್. ಇರುವವರು ಯಾರು, ಯಾವಾಗ ಏಳುತ್ತಾರೆ, ತಣ್ಣೀರೋ ಬಿಸಿನೀರೋ, ಇದೇನೂ ಗೊತ್ತಿಲ್ಲದೆ ದಪ್ಪ ಹೇಳುವವನು ವೈರ್‌ಮನ್ ಅಲ್ಲ, ಬಾಯಿಬಡುಕ.

ಟೇಪು ಹಿಡಿದು ಅಳೆದು ಬರೆ. ಬಂದು ಹೋಗುವವರು ಅಂದರೆ ಯಾರು ಅಂತಲೂ ಬರೆ. ಕಿವಿಯನ್ನು ಆಸ್ಪತ್ರೆಯ ಜನರೇಟರ್ ಕೋಣೆಯಲ್ಲೇ ಬಿಟ್ಟು ನಿವೃತ್ತನಾದವನು ನಾನು, ಕಣ್ಣು ಇನ್ನೂ ನನ್ನ ಹತ್ತಿರವೇ ಇದೆ. ನಿನ್ನ ಅಕ್ಷರ ಯಾಕೆ ಹೀಗೆ ಓಡುತ್ತಿದೆ?

ಅಪ್ಪ


ಜುಲೈ ೨೫

ಅಪ್ಪಾ,

ಅಳೆದೆ. ನಿನ್ನ ಮೊಮ್ಮಗಳು ಟೇಪಿನ ತುದಿ ಹಿಡಿದಳು, ಜೋರಾಗಿ ಎಳೆದು ನನ್ನ ಬೆರಳು ಕೊಯ್ದಳು. ನಡುಮನೆಯ ಬೋರ್ಡಿನಿಂದ ಹಿತ್ತಲ ಮನೆಯ ಗೋಡೆವರೆಗೆ, ತಿರುವು ಎಲ್ಲ ಸೇರಿ, ನಲವತ್ತು ಮೀಟರ್. ಕರೆಂಟ್ ಮೀಟರಿನ ಲೋಡು ಹೆಚ್ಚಿಸಲು ಅರ್ಜಿ ಕೊಟ್ಟು ಅದೂ ಆಗಿದೆ, ಅದರ ಚಿಂತೆ ಬಿಡು.

ಒಳಗೆ ಇರುವುದು: ಗೀಸರ್ ಎರಡು ಸಾವಿರ, ಇಂಡಕ್ಷನ್ ಒಲೆ ಎರಡು ಸಾವಿರ, ರೂಮ್ ಹೀಟರ್ ಒಂದೂವರೆ ಸಾವಿರ, ಇಸ್ತ್ರಿ ಪೆಟ್ಟಿಗೆ ಸಾವಿರ, ಬಟ್ಟೆ ಒಗೆಯುವ ಮಷಿನ್ ಐನೂರು, ಫ್ರಿಜ್ ಇನ್ನೂರು, ಲೈಟು ಫ್ಯಾನು ಸೇರಿ ಮುನ್ನೂರು. ಒಟ್ಟು ಏಳೂವರೆ ಸಾವಿರ. ಬೆಳಗ್ಗೆ ಬೇಗ ಏಳುತ್ತಾರೆ, ಬಿಸಿನೀರೇ ಬೇಕು, ಆಗಲೇ ಅಡುಗೆಯೂ ಆಗಬೇಕು, ಚಳಿಗಾಲದಲ್ಲಿ ಹೀಟರೂ ಉರಿಯುತ್ತದೆ.

ಇಷ್ಟು ಸಾಕಲ್ಲವಾ? ಮೇಸ್ತ್ರಿ ಕಲ್ಲು ತಂದು ಗೇಟಿನ ಹತ್ತಿರ ರಾಶಿ ಹಾಕಿದ್ದಾನೆ. ದಿನಾ ಎಡವುತ್ತೇನೆ.

ನಿನ್ನ ಟೆಸ್ಟರ್


ಆಗಸ್ಟ್ ೨

ಮಗಳೇ,

ಎರಡು ಲೈಟು ಒಂದು ಫ್ಯಾನು ಅಂದವಳು ಮೂರು ವಾರದಲ್ಲಿ ಒಂದು ಸಂಸಾರವನ್ನೇ ಬರೆದು ಕಳಿಸಿದ್ದೀಯ. ಬಂದು ಹೋಗುವವರಿಗೆ ಬಟ್ಟೆ ಒಗೆಯುವ ಮಷಿನ್ ಯಾಕೆ? ನೆಂಟರು ನಿಮ್ಮ ಒಲೆಯ ಮೇಲೆ ಉಣ್ಣುವುದಿಲ್ಲವೇ? ನಿನ್ನಮ್ಮನಿಗೆ ಓದಿ ಹೇಳಿದೆ. ಅವಳು ಕೇಳುತ್ತಿದ್ದ ಹಾಗೇ ಎದ್ದು ಒಳಗೆ ಹೋದಳು.

ನಾನು ಕೇಬಲ್ ಲೆಕ್ಕಕ್ಕೇ ಕೇಳುತ್ತಿದ್ದೇನೆ, ಬೇರೆ ಏನಕ್ಕೂ ಅಲ್ಲ ಅಂದುಕೋ. ಒಂದು ಮನೆಯೋ ಎರಡು ಮನೆಯೋ? ಒಂದೇ ಮನೆಯ ಜನ ಆದರೆ ಇಲ್ಲಿ ಒಲೆ ಉರಿಯುವಾಗ ಅಲ್ಲಿಯದು ಆರಿರುತ್ತದೆ, ಲೋಡು ಅರ್ಧ ಹಿಡಿದರೂ ನಡೆಯುತ್ತದೆ. ಎರಡು ಮನೆ ಆದರೆ ಎರಡು ಒಲೆಯೂ ಒಂದೇ ಗಳಿಗೆಗೆ ಹತ್ತಿಕೊಳ್ಳುತ್ತವೆ. ಆಗ ಪೂರ್ತಿ ಹಿಡಿಯಬೇಕು.

ಇದಕ್ಕೆ ಉತ್ತರ ಬರುವವರೆಗೆ ನಾನು ಪೆನ್ಸಿಲ್ ಮುಟ್ಟುವುದಿಲ್ಲ.

ಅಪ್ಪ


ಆಗಸ್ಟ್ ೨೦

ಅಪ್ಪಾ,

ಎರಡು ಮನೆ.

ಬರೆದದ್ದಾಯಿತು. ಈ ಎರಡು ಪದಕ್ಕೆ ಹದಿನೈದು ದಿನ ಬೇಕಾಯಿತು. ಮುಂದಿನ ತಿಂಗಳಿಂದ ನಾವಿಬ್ಬರೂ ಬೇರೆ ಬೇರೆ ಇರುತ್ತೇವೆ, ಒಬ್ಬರು ಮುಂದೆ, ಒಬ್ಬರು ಹಿಂದೆ. ಮಗಳು ಎರಡೂ ಕಡೆ ಓಡಾಡಿಕೊಂಡಿರಲಿ, ಅವಳ ಶಾಲೆ, ಅವಳ ಗೆಳತಿಯರು ಯಾವುದೂ ಬದಲಾಗದಿರಲಿ ಅಂತ ಹೀಗೆ ಮಾಡಿದ್ದೇವೆ. ಕೋರ್ಟು ಕಚೇರಿ ಇಲ್ಲ. ಬೈದಾಟ ಇಲ್ಲ. ನಿಮ್ಮ ಅಳಿಯ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಔಷಧದ ಅಂಗಡಿ ಮುಚ್ಚಿ ನೇರ ಮನೆಗೆ ಬರುತ್ತಾರೆ. ಅದಕ್ಕೇ ಯಾರಿಗೂ ಹೇಳಲಿಕ್ಕೂ ಆಗಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನೀನು ಬರೆಯುತ್ತೀಯ, ಗೊತ್ತು. ಬರೆಯಬೇಡ. ಇದು ಜಗಳ ಅಲ್ಲ. ಜಗಳ ಆಗಿದ್ದರೆ ಎಂದೋ ಮುಗಿಯುತ್ತಿತ್ತು.

ಕಾರಣ ಇನ್ನೊಮ್ಮೆ ಹೇಳುತ್ತೇನೆ, ಈಗ ಬೇಡ. ಈಗ ಕೇಬಲ್ ಹೇಳು. ಲ್ಯಾಬಿನಲ್ಲಿ ನಿನ್ನೆ ಒಂದೇ ರಕ್ತದ ಮಾದರಿಯನ್ನು ಎರಡು ಸಲ ಪರೀಕ್ಷೆಗೆ ಹಚ್ಚಿದೆ. ನನ್ನ ಕೈ ಕಾಲು ಒಂದು ಕಡೆ ನಿಲ್ಲಬೇಕಾದರೆ ಆ ಮನೆಗೆ ಬೆಳಕು ಬರಬೇಕು.

ನಿನ್ನ ಮಗಳು


ಸೆಪ್ಟೆಂಬರ್ ೧೧

ಮಗಳಿಗೆ,

ಕಾಗದ ಸಿಕ್ಕಿತು.

ಎರಡೂವರೆ ಎಂಎಂ ತಾಮ್ರದ ಕೇಬಲ್. ನಡುಮನೆಯ ಬೋರ್ಡಿನಿಂದಲೇ ತೆಗೆಯಲಿ. ಅಲ್ಲೇ ಹದಿನಾರು ಆಂಪಿಯರಿನ ಒಂದು ಬ್ರೇಕರ್. ಹಿಂದೆ ಬೇರೆ ಬ್ರೇಕರ್ ಬೇಡ.

ಹಿಂದಿನವರಿಗೆ ಅಷ್ಟು ಸಾಕು. ಸಾಲದಿದ್ದರೆ ಮುಂದಿನ ಮನೆಗೆ ಬಂದು ಕೇಳಲಿ.

ಅಪ್ಪ


ಡಿಸೆಂಬರ್ ೧೮

ಅಪ್ಪಾ,

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಡ. ಅಥವಾ ಹೇಳು, ನಿನ್ನಿಷ್ಟ.

ಕಲ್ಲು ಹಾಸಿ ಮುಗಿಯುವ ಹೊತ್ತಿಗೆ ನವೆಂಬರ್ ಬಂತು, ಹಿತ್ತಲ ಮನೆಗೆ ನಾನು ಬಂದು ಐದು ವಾರ ಆಯಿತು. ಹೌದು, ನಾನು. ಮುಂದಿನ ಮನೆ ಅವರ ಅಪ್ಪ ಕಟ್ಟಿಸಿದ್ದು, ಬಿಟ್ಟು ಬರಬೇಕು ಅನ್ನಿಸಿದ್ದು ನನಗೆ. ಬೇಕೆಂದವರೇ ಹೊರಡುವುದು ನ್ಯಾಯ ಅಂತ ನಾನೇ ಹೊರಟೆ. ಈ ಮನೆಯ ಒಂದೊಂದು ಮೊಳೆಯನ್ನೂ ನಾನೇ ನಿಂತು ಹೊಡೆಸಿದ್ದೇನೆ.

ಚಳಿ ಶುರುವಾಗುವವರೆಗೆ ಎಲ್ಲ ಸರಿಯಿತ್ತು. ಹೋದ ವಾರ ಬೆಳಗ್ಗೆ ಹೀಟರ್ ಹಾಕಿ, ಒಲೆಯ ಮೇಲೆ ಅನ್ನಕ್ಕಿಟ್ಟು, ಗೀಸರ್ ಹಾಕಿಕೊಂಡು ತಲೆಗೆ ಸೋಪು ಹಚ್ಚಿದ್ದೆ. ಫಟ್ ಅಂತ ಎಲ್ಲ ಆರಿತು. ಬ್ರೇಕರ್ ಇರುವುದು ಎಲ್ಲಿ? ಅವರ ನಡುಮನೆಯಲ್ಲಿ. ತಲೆಯ ತುಂಬ ನೊರೆ, ಮೈಗೆ ಟವೆಲ್ಲು, ಅದರ ಮೇಲೊಂದು ಹಳೇ ಕೋಟು. ಅಂಗಳ ದಾಟಿ ಅವರ ಬಾಗಿಲು ಬಡಿದೆ. ಅವರು ಬ್ರೇಕರ್ ಎತ್ತಿ, "ಒಂದೊಂದೇ ಹಾಕ್ಕೊಳ್ಳೋಕೆ ಏನು ಕಷ್ಟ ನಿನಗೆ? ಅದಕ್ಕೇ ನಾನು ಆಗಿಂದ್ಲೂ ಹೇಳ್ತಿದ್ದೆ" ಅಂದರು. ಕಿರುಚಲಿಲ್ಲ. ಅವರು ಯಾವತ್ತೂ ಕಿರುಚುವುದಿಲ್ಲ. ಆವತ್ತಿನಿಂದ ಇವತ್ತಿಗೆ ಇದು ನಾಲ್ಕನೇ ಸಲ.

ಕಾರಣ ಇನ್ನೊಮ್ಮೆ ಹೇಳುತ್ತೇನೆ ಅಂದಿದ್ದೆನಲ್ಲ, ಈಗ ಕೇಳು. ಹನ್ನೆರಡು ವರ್ಷದಿಂದ ನಾನು ಹಾಕಿದ ಸ್ವಿಚ್ಚನ್ನೆಲ್ಲ ಅವರು ಹಿಂದೆಯೇ ಬಂದು ಆರಿಸುತ್ತಾರೆ. ನಾನು ಓದುತ್ತಿದ್ದರೆ, "ಹಗಲು ಹೊತ್ತಲ್ಲಿ ಲೈಟ್ ಯಾಕೆ?" ಸೆಕೆ ಅಂತ ಫ್ಯಾನ್ ಹಾಕಿದರೆ, "ಕಿಟಕಿ ಇದೆಯಲ್ಲ." ರೇಡಿಯೋ, ಟಿವಿ, ಕೊನೆಗೆ ಬಚ್ಚಲಲ್ಲಿ ನಾನಿರುವಾಗಲೇ ಹೊರಗಿನ ಸ್ವಿಚ್ಚು. ಹೇಳಿದರೆ ನಗುತ್ತಾರೆ, "ಅಯ್ಯೋ, ಮರೆತೇಬಿಟ್ಟೆ" ಅನ್ನುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಮನೆ ಬಿಡುತ್ತಾರಾ ಅಂತ ಕೇಳುತ್ತೀಯ. ನಾನೂ ಎಷ್ಟೋ ವರ್ಷ ನನ್ನನ್ನೇ ಹಾಗೆ ಕೇಳಿಕೊಂಡೆ. ಒಂದು ದಿನ ಖಾಲಿ ಮನೆಯಲ್ಲಿ ಒಬ್ಬಳೇ ಇದ್ದೆ. ಲೈಟ್ ಹಾಕಲು ಕೈ ಎತ್ತಿದವಳು ಹಾಗೇ ತಿರುಗಿ ಬಾಗಿಲ ಕಡೆ ನೋಡಿದೆ. ಆವತ್ತೇ ಮೇಸ್ತ್ರಿಯನ್ನು ಕರೆಸಿದೆ.

ಇವತ್ತು ರಜೆ, ಕೂತು ಲೆಕ್ಕ ಮಾಡಿದೆ. ಗೀಸರ್, ಒಲೆ, ಹೀಟರ್, ಮೂರೇ ಸೇರಿ ಐದೂವರೆ ಸಾವಿರ. ಇನ್ನೂರ ಮೂವತ್ತರಿಂದ ಭಾಗಿಸಿದರೆ ಇಪ್ಪತ್ನಾಲ್ಕು ಆಂಪಿಯರ್. ನೀನು ಕೊಟ್ಟ ಬ್ರೇಕರ್ ಹದಿನಾರು. ಇದು ನೀನು ನನಗೆ ಹತ್ತನೇ ವಯಸ್ಸಿನಲ್ಲಿ ಕಲಿಸಿದ ಭಾಗಾಕಾರ. ಆಗ ಆ ವೈರ್‌ಮನ್ ಹುಡುಗ ತಲೆ ಕೆರೆದುಕೊಂಡು, "ಇದು ಸಾಕಾ ಅಕ್ಕಾ?" ಅಂದಿದ್ದ. "ನಮ್ಮಪ್ಪ ಹೇಳಿದ ಮೇಲೆ ಮುಗೀತು, ಎಳಿ" ಅಂದುಬಿಟ್ಟೆ. ಒಂದು ಸಲವೂ ತಾಳೆ ನೋಡಲಿಲ್ಲ.

ನಿನ್ನ ಲೆಕ್ಕ ತಪ್ಪಿಲ್ಲ. ನಿನ್ನ ಲೆಕ್ಕ ಜನ್ಮದಲ್ಲಿ ತಪ್ಪಿದ್ದನ್ನು ನಾನು ಕಂಡಿಲ್ಲ. ಪೂರ್ತಿ ಹಿಡಿಯಬೇಕು ಅಂತ ಬರೆದವನು ಅರ್ಧವನ್ನೂ ಹಿಡಿಯದೆ, ಅದೂ ಒಂದು ತಿಂಗಳು ಸತಾಯಿಸಿ ಕಳಿಸಿದೆ. ಬೇಕೆಂದೇ ಮಾಡಿದ್ದೀಯ ಅಪ್ಪಾ. ಯಾಕೆ ಅಂತ ನನಗೆ ಗೊತ್ತಿಲ್ಲ. ಅವರಾದರೆ ಸ್ವಿಚ್ಚು ಆರಿಸುತ್ತಿದ್ದರು. ನೀನು ಕೇಬಲ್ಲಿನಲ್ಲೇ ಆರಿಸಿಬಿಟ್ಟೆ.

ಉತ್ತರ ಬರೆಯಬೇಕಾಗಿಲ್ಲ.

ಮಗಳು


ಡಿಸೆಂಬರ್ ೨೮

ಕಂದಾ,

ನಾನು ಅಮ್ಮ. ಕಾಗದ ಬರೆದು ಎಷ್ಟು ಕಾಲವಾಯಿತೋ, ತಪ್ಪಿದ್ದರೆ ನಗಬೇಡ. ಫೋನಿನಲ್ಲಿ ಕೇಳಿದಾಗಲೆಲ್ಲ ಚೆನ್ನಾಗಿದ್ದೀವಮ್ಮ ಚೆನ್ನಾಗಿದ್ದೀವಮ್ಮ ಅಂತಿದ್ದೆ. ಪಾಪಿ, ಹೆತ್ತವಳಿಗೆ ಹೇಳಲು ನಿನಗೆ ಬಾಯಿ ಬರಲಿಲ್ಲ.

ನಿನ್ನ ಕಾಗದ ಬಂದ ದಿನ ನಿಮ್ಮಪ್ಪ ಅದನ್ನು ನಿಂತುಕೊಂಡೇ ಓದಿದರು. ಕೈಯಿಂದ ಕಿತ್ತುಕೊಂಡು ನಾನೂ ಓದಿದೆ. ಆಮೇಲೆ ಅವರು ಮೆಟ್ಟಿಲ ಮೇಲೆ ಹೋಗಿ ಕೂತವರು ಊಟಕ್ಕೂ ಏಳಲಿಲ್ಲ. ಅವರು ತಿಳಿದುಕೊಂಡದ್ದು ಹಿತ್ತಲಿಗೆ ಅಳಿಯಂದಿರು ಹೋಗುತ್ತಾರೆ ಅಂತ. ಹೆಂಡತಿಯನ್ನು ಬಿಟ್ಟು ಬೇರೆ ಒಲೆ ಹೂಡುವವನಿಗೆ ಬಿಸಿನೀರು ಬೇಕಾ, ಬಂದು ನನ್ನ ಮಗಳ ಬಾಗಿಲು ತಟ್ಟಲಿ, ತಟ್ಟಿ ತಟ್ಟಿಯಾದರೂ ಮಾತು ಹುಟ್ಟಲಿ, ಅಂತ ನನ್ನ ಮುಂದೆ ಅಂದಿದ್ದರು. ಆಗ ನನಗೂ ಸರಿ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಹಾಗಾಯಿತು. ಕೊತ್ತಿ ನಮ್ಮದೇ ಮಗಳು.

ನೀನು ಮಾಡಿದ್ದನ್ನು ನಾನು ಇನ್ನೂ ಒಪ್ಪಿಲ್ಲ. ಆದರೆ ಸ್ವಿಚ್ಚಿನ ವಿಷಯ ಓದಿದ ಮೇಲೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನಮ್ಮ ಅಡುಗೆಮನೆಯ ಲೈಟಿನ ಸ್ವಿಚ್ಚು ಬಾಗಿಲ ಹಿಂದೆ ಇದೆಯಲ್ಲ. ಊರಿಗೆಲ್ಲ ವೈರು ಎಳೆದವರು ನನ್ನನ್ನು ಎಲ್ಲಿ ಬೇಕು ಅಂತ ಕೇಳದೆ ಹಾಕಿದ್ದು. ಕೈಯಲ್ಲಿ ಪಾತ್ರೆ ಹಿಡಿದು, ಮೊಣಕೈಯಿಂದ ಬಾಗಿಲು ಸರಿಸಿ, ಹಿಂದೆ ತಡಕಿ ಹಾಕುತ್ತಾ ನನ್ನ ಆಯುಸ್ಸು ಕಳೆಯಿತು. ಇದನ್ನು ನಿನ್ನೆ ಅವರಿಗೆ ಕಿವಿ ಹತ್ತಿರ ಕೂಗಿ ಹೇಳಿದೆ. ಪಕ್ಕದ ಮನೆಗೂ ಕೇಳಿಸಿರಬೇಕು, ಕೇಳಿಸಲಿ.

ತಲೆಗೆ ಸೋಪು ಹಚ್ಚಿಕೊಂಡು ಚಳಿಗೆ ಹೊರಗೆ ಬರಬೇಡ. ಒಲೆಯ ಮೇಲೇ ನೀರು ಕಾಯಿಸಿಕೋ, ಸದ್ಯಕ್ಕೆ.

ಅಮ್ಮ


ಜನವರಿ ೪

ಟೆಸ್ಟರಮ್ಮಾ,

ಬರೆಯಬೇಡ ಅಂದಿದ್ದೀಯ. ಇದು ಲೆಕ್ಕ ಮಾತ್ರ.

ಏಳೂವರೆ ಸಾವಿರ ವ್ಯಾಟ್. ಮೂವತ್ತಮೂರು ಆಂಪಿಯರ್. ಯಾವುದನ್ನೂ ಬಿಟ್ಟಿಲ್ಲ, ಅರ್ಧ ಹಿಡಿದಿಲ್ಲ. ಇಸ್ತ್ರಿ ತಿಕ್ಕುತ್ತಾ ಸ್ನಾನ ಮಾಡುತ್ತೀಯೋ, ಅನ್ನ ಬೇಯಿಸುತ್ತಾ ಬಟ್ಟೆ ಒಗೆಯುತ್ತೀಯೋ, ಅದು ನಿನಗೆ ಬಿಟ್ಟದ್ದು. ನಲವತ್ತು ಮೀಟರಿಗೆ ಆರು ಎಂಎಂ ಧಾರಾಳ. ನಾನು ಹತ್ತು ತೆಗೆದುಕೊಂಡಿದ್ದೇನೆ. ಸುರುಳಿ ಇಲ್ಲೇ ಬಾಗಿಲಲ್ಲಿ ಇದೆ, ನಿನ್ನಮ್ಮ ಬರುವಾಗ ಹೋಗುವಾಗ ಕಾಲಲ್ಲಿ ಒದೆಯುತ್ತಾಳೆ.

ನಡುಮನೆಯ ಬೋರ್ಡು ನಿನಗೆ ಬೇಡ. ಗೇಟಿನ ಪಕ್ಕ ಹೊರಗೋಡೆಯಲ್ಲಿ ಮೀಟರ್ ಪೆಟ್ಟಿಗೆ ಇದೆಯಲ್ಲ, ನಿನ್ನ ಲೈನು ಅಲ್ಲಿಂದಲೇ ಹೊರಡುತ್ತದೆ, ದೂರ ಹೆಚ್ಚಾಗುತ್ತದೆ ಅಂತಲೇ ಸುರುಳಿ ಉದ್ದದ್ದೇ ತಂದಿದ್ದೇನೆ. ನಿನ್ನ ಕೋಣೆಯಲ್ಲಿ ನಿನ್ನದೇ ಬೋರ್ಡು, ಒಲೆಗೆ ಬೇರೆ, ಗೀಸರಿಗೆ ಬೇರೆ, ಹೀಟರಿಗೆ ಬೇರೆ ಬ್ರೇಕರ್. ಏನಾದರೂ ಬಿದ್ದರೆ ನಿನ್ನ ಕೈಗೆ ಎಟುಕುವ ಜಾಗದಲ್ಲೇ ಬೀಳುತ್ತದೆ. ಯಾರ ಬಾಗಿಲೂ ತಟ್ಟಬೇಕಾಗಿಲ್ಲ.

ನಾನೇ ಬಂದು ಎಳೆಯುತ್ತೇನೆ. ಆ ಹುಡುಗ ಸಹಾಯಕ್ಕೆ ಇದ್ದರೆ ಸಾಕು. ಅಳಿಯಂದಿರಿಗೆ ಹೇಳು, ಅಂಗಳದ ಕಲ್ಲು ಎಬ್ಬಿಸುತ್ತೇನೆ, ಇದ್ದ ಹಾಗೇ ಮತ್ತೆ ಕೂರಿಸಿ ಕೊಡುತ್ತೇನೆ. ನೀನು ಹಿಂದಿನ ಮನೆಗೆ ಹೋಗುತ್ತೀಯ ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅನ್ನುವುದೂ ಒಂದು ನೆಪವೇ. ಯಾರೇ ಇರಲಿ, ಇರುವವರು ಯಾರು ಅಂತ ಕೇಳದೆ ವೈರ್‌ಮನ್ ಪೆನ್ಸಿಲ್ ಮುಟ್ಟಬಾರದು ಅಂದವನು ನಾನು.

ನಿನ್ನ ಬೋರ್ಡು ಎಲ್ಲಿ ಬೇಕು, ಯಾವ ಎತ್ತರಕ್ಕೆ ಬೇಕು ಅಂತ ಗೋಡೆಯ ಮೇಲೆ ಗುರುತು ಹಾಕಿಡು. ಇಲ್ಲಿ ಅಡುಗೆಮನೆಯ ಸ್ವಿಚ್ಚನ್ನು ನಿನ್ನೆ ಬಾಗಿಲ ಈಚೆಗೆ ತಂದೆ. ನಿನ್ನಮ್ಮ ಇವತ್ತೂ ಹಿಂದೆಯೇ ತಡಕುತ್ತಿದ್ದಾಳೆ.

ಅಪ್ಪ


ಜನವರಿ ೨೯

ಅಪ್ಪಾ,

ನೀನು ಹೊರಟು ಮೂರು ದಿನವಾಯಿತು. ಇಲ್ಲಿದ್ದಾಗ ನೀನು ಅಗೆದೆ, ನಾನು ಟೇಪು ಹಿಡಿದೆ, ಕೇಬಲ್ ತಿರುಚಿಕೊಂಡಾಗ ನೀನು ಬೈದೆ. "ಹಂಗಲ್ಲ, ಹಂಗಲ್ಲ! ಹಾವು ಹಿಡಿದಂಗೆ ಹಿಡೀಬೇಡ, ಬಿಡಿಸ್ಕೊಂಡು ಬಾ!" ಅಂತ ನೀನು ಕೂಗಿದ್ದು ಕೇಳಿ ನಿನ್ನ ಮೊಮ್ಮಗಳು ದಿನವಿಡೀ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾಳೆ.

ಎರಡನೇ ದಿನ ಆ ಹುಡುಗ ಬರದೆ ಹೋದಾಗ ಇವರು ಅಂಗಡಿಗೆ ಬಾಗಿಲು ಹಾಕಿ ಬಂದು ಸುರುಳಿಯ ಇನ್ನೊಂದು ತುದಿ ಹಿಡಿದರಲ್ಲ. ನನಗೆ ಆಗ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅರ್ಧ ಎಳೆದ ಮೇಲೆ ಅವರು, "ಇಷ್ಟು ದಪ್ಪ ಯಾಕೆ ಮಾವ? ಒಬ್ಬರೇ ಇರೋದು ತಾನೇ, ಒಂದೊಂದೇ ಹಾಕ್ಕೊಂಡ್ರೆ ಆಗಲ್ವಾ?" ಅಂದರು. ನೀನು ತಿರುಗಿಯೂ ನೋಡದೆ ಮಣ್ಣು ಎಳೆದೆ. ನಿನಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ನಾನು ಕೇಳುವುದಿಲ್ಲ. ಅವರು ಇನ್ನೊಂದು ಸಲ ಹೇಳಲು ಬಾಯಿ ತೆರೆದು, ನನ್ನನ್ನು ನೋಡಿ, ಮತ್ತೆ ಕೇಬಲ್ ಎಳೆಯತೊಡಗಿದರು. ಕಲ್ಲುಗಳನ್ನು ಮತ್ತೆ ಕೂರಿಸಿದ್ದೂ ಅವರೇ. ಒಂದು ಸ್ವಲ್ಪ ಎದ್ದು ನಿಂತಿದೆ, ಕಾಲಿಗೆ ಸಿಗುತ್ತದೆ. ಇರಲಿ.

ಮುಂದೆ ಏನು ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ನನ್ನ ಕಾಲು ಇನ್ನೂ ಒಂದು ಕಡೆ ನಿಂತಿಲ್ಲ, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ತಿರುಗುತ್ತಲೇ ಇದ್ದೇನೆ. ನೀನು ಮೀಟರ್ ಹಚ್ಚಿ ಪರೀಕ್ಷೆ ಮಾಡಿ, ಸರಿಯಿದೆ ಅಂತ ತಲೆಯಾಡಿಸಿ ಹೋದೆ. ಆದರೆ ಪೂರ್ತಿ ಲೋಡು ಹಾಕಿ ನೋಡಿರಲಿಲ್ಲ. "ಅದು ನಿನ್ನ ಕೆಲಸ" ಅಂದಿದ್ದೆ ನೀನು, ಬಸ್ಸು ಹತ್ತುವಾಗ.

ಇವತ್ತು ಭಾನುವಾರ, ಮಧ್ಯಾಹ್ನ. ಕಿಟಕಿಯಿಂದ ಬೇಕಾದಷ್ಟು ಬಿಸಿಲು ಬರುತ್ತಿದೆ. ಗೀಸರ್ ಹಾಕಿದೆ. ಒಲೆಯ ಮೇಲೆ ಹಾಲಿಟ್ಟೆ. ಹೀಟರ್ ಹಾಕಿದೆ, ಬೆವರು ಬಂತು, ಫ್ಯಾನ್ ಹಾಕಿದೆ. ಬಟ್ಟೆ ಒಗೆಯುವ ಮಷಿನ್ ತಿರುಗುತ್ತಿದೆ, ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ, ಎರಡೂ ಲೈಟು ಉರಿಯುತ್ತಿವೆ. ನಡುವೆ ನಿಂತುಕೊಂಡು ಬ್ರೇಕರ್ ಯಾವಾಗ ಬೀಳುತ್ತದೆ ಅಂತ ಕಾದೆ. ಬೀಳಲಿಲ್ಲ. ಕೇಬಲ್ ಬಂದ ಜಾಗದಲ್ಲಿ ಗೋಡೆಗೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಬಾಗಿಲು ತೆರೆದೇ ಇದೆ. ಒಂದು ಸಲ ತಿರುಗಿ ನೋಡಿದೆ, ಯಾರೂ ಇರಲಿಲ್ಲ.

ಆಮೇಲೆ ಕೂತು ಈ ಕಾಗದ ಶುರು ಮಾಡಿದೆ. ಹಾಲು ಉಕ್ಕುವ ಮೊದಲು ಮುಗಿಸಬೇಕು. ಎಲ್ಲ ಉರಿಯುತ್ತಿದೆ ಅಪ್ಪಾ, ಇನ್ನೂ ಒಂದನ್ನೂ ಆರಿಸಿಲ್ಲ.

ನಿನ್ನ ಟೆಸ್ಟರ್